ಒಂದು ಕಂಪ್ಯೂಟರ್, ಎರಡು ಆಟ

ನಮ್ಮ ಕಡೆ ‘ಆಟ’ ಎಂದರೆ ಯಕ್ಷಗಾನ. ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ಯಾರಾದರೂ ‘ನಿನ್ನೆ ಆಟಕ್ಕೆ ಹೋಗಿದ್ದೆ’ ಎಂದರೆ ಯಾವ ಮೇಳ, ಯಾರ ಭಾಗವತಿಕೆ ಎಂದು ಕೇಳುತ್ತಾರೆಯೇ ಹೊರತು ಯಾವ ಆಟ ಎಂದು ಕೇಳುವುದಿಲ್ಲ. ಆದರೆ ಈ ಪ್ರಕರಣದ ಮನೆಯಲ್ಲಿ ಆಟ ಎರಡು ಬಗೆಯದು. ಅಣ್ಣ ಯಕ್ಷಗಾನವನ್ನು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿ, ಸಂಕಲಿಸಿ ಕೊಡುವವನು. ಜೀವನೋಪಾಯವೇ ಅದು. ತಮ್ಮನದು ಪದವಿಯ ಎರಡನೆಯ ವರ್ಷ. ಅವನ ಆಟ ಕಂಪ್ಯೂಟರಿನ ಒಳಗಿನದು. ಎರಡೂ ನಡೆಯುವುದು ಒಂದೇ ಪೆಟ್ಟಿಗೆಯಲ್ಲಿ: ಹಗಲು ಅಣ್ಣನದು, ಅಣ್ಣ ಕ್ಯಾಮೆರಾ ಹೊತ್ತು ಹೊರಟ ಮೇಲೆ ರಾತ್ರಿ ತಮ್ಮನದು.

2026ರ ಜನವರಿ ಎರಡನೆಯ ವಾರದಲ್ಲಿ ಇಬ್ಬರೂ ಆ ಪೆಟ್ಟಿಗೆಯನ್ನು ರಿಕ್ಷಾದಲ್ಲಿಟ್ಟುಕೊಂಡು ನೀರ್ಚಾಲು ಕಡೆಯಿಂದ ಬದಿಯಡ್ಕ ಪೇಟೆಯಲ್ಲಿರುವ ನನ್ನ ಕೋಣೆಗೆ ಬಂದರು. ನಾನು ಹಿಂದೆ ಕಂಪ್ಯೂಟರ್ ತರಗತಿ ನಡೆಸುತ್ತಿದ್ದವನು. ಈಗ ದುರಸ್ತಿ ಮಾತ್ರ. ಆದರೂ ಹಳೆಯ ಹೆಸರು ಬಿಟ್ಟಿಲ್ಲ.

“ಮಾಷ್ಟ್ರೇ, 32 ಜಿಬಿ ರ‍್ಯಾಮೂ ಸಾಲುತ್ತಿಲ್ಲ ಎಂದು ಕಾಣುತ್ತದೆ. 64 ಮಾಡಿಕೊಡಿ,” ಎಂದ ಅಣ್ಣ.

“ಸಾಲದ್ದಲ್ಲ. ರ‍್ಯಾಮ್ ನಿಧಾನ,” ಎಂದ ತಮ್ಮ, ಅಣ್ಣನ ಮಾತು ಮುಗಿಯುವ ಮೊದಲೇ.

ರ‍್ಯಾಮ್ ಎಂದರೆ ಕೆಲಸ ನಡೆಯುವಾಗ ಕಂಪ್ಯೂಟರ್ ಎಲ್ಲವನ್ನೂ ಹರಡಿಕೊಳ್ಳುವ ಮೇಜು. ರೋಗಿಯೇ ಔಷಧಿಯ ಹೆಸರು ಹೇಳಿಕೊಂಡು ಬಂದಾಗ ವೈದ್ಯರಿಗೆ ಹೇಗಾಗುತ್ತದೋ ನನಗೂ ಹಾಗೆಯೇ ಆಗುತ್ತದೆ. ಏನಾಗುತ್ತಿದೆ ಎಂದು ಮೊದಲು ತೋರಿಸಿ ಎಂದೆ.

ಅಣ್ಣ ಪೆನ್‌ಡ್ರೈವ್ ತೆಗೆದು ಒಂದು ತುಣುಕನ್ನು ತೋರಿಸಿದ. ಹರಕೆ ಆಟವೊಂದರ ನಡುರಾತ್ರಿಯ ಭಾಗ. ಬಣ್ಣದ ವೇಷದ ಪ್ರವೇಶ: ಸಭೆಯ ಹಿಂದಿನಿಂದ ದೊಂದಿ ಹಿಡಿದು ಬರುವ ವೇಷ, ಚೆಂಡೆ ಏರುತ್ತಿದೆ, ರಾಳದ ಪುಡಿ ಬಿದ್ದು ಬೆಂಕಿ ಭಗ್ಗೆಂದು ಎದ್ದ ಕ್ಷಣಕ್ಕೇ ಪರದೆಯ ಬಲಭಾಗವೆಲ್ಲ ಹಸಿರು ಚೌಕಗಳಾಗಿ ಒಡೆಯಿತು. ಅರ್ಧ ಸೆಕೆಂಡು ವೇಷದ ಮುಖ ಇರಬೇಕಾದಲ್ಲಿ ಪಾಚಿ ಹಿಡಿದ ಗೋಡೆಯಂಥದ್ದು ಏನೋ ಇತ್ತು. ಮತ್ತೆ ಎಲ್ಲ ಸರಿ. ಕ್ಯಾಮೆರಾದ ಕಾರ್ಡಿನಲ್ಲಿ ಮೂಲ ಇದೆಯೇ ಎಂದರೆ ಇಲ್ಲ. ಮರುದಿನ ಇನ್ನೊಂದು ಕಡೆ ಆಟವಿದ್ದುದರಿಂದ ಕಾರ್ಡನ್ನು ಅಳಿಸಿ ಅದರ ಮೇಲೆಯೇ ಚಿತ್ರೀಕರಿಸಿದ್ದರು. ಹರಕೆ ಹೊತ್ತವರು ಆ ಪ್ರವೇಶಕ್ಕಾಗಿಯೇ ವಿಡಿಯೊ ಮಾಡಿಸಿದ್ದು.

ತಮ್ಮನ ದೂರು ಸರಳ. ಆಡುತ್ತಿರುವಾಗ ಆಟ ಯಾವ ಸೂಚನೆಯೂ ಇಲ್ಲದೆ ಮುಚ್ಚಿಹೋಗುತ್ತದೆ, ವಾರಕ್ಕೊಮ್ಮೆ ನೀಲಿ ಪರದೆ ಬರುತ್ತದೆ.

ಯಂತ್ರದ ಜಾತಕ ಹೀಗಿತ್ತು. 2022ರಲ್ಲಿ ಕೊಂಡದ್ದು. ರೈಜನ್ 5 5600 ಪ್ರೊಸೆಸರ್, ನಾಲ್ಕು ರ‍್ಯಾಮ್ ಸ್ಲಾಟ್‌ಗಳಿರುವ ಬಿ550 ಬೋರ್ಡು, 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, ರ‍್ಯಾಮ್ 8 ಜಿಬಿಯ ಎರಡು ಸ್ಟಿಕ್. ಅದು ಡಿಡಿಆರ್4 ಪೀಳಿಗೆಯದು, 3200 ವೇಗ, ಸಿಎಲ್16. ಆಗ ಅಣ್ಣನ ಬಳಿ ಇದ್ದದ್ದು ಒಂದೇ ಕ್ಯಾಮೆರಾ, ಫುಲ್ ಎಚ್‌ಡಿ. ಮೂರು ವರ್ಷ ಯಾವ ತಕರಾರೂ ಇಲ್ಲ. 2025ರಲ್ಲಿ ಮೂರು ಕ್ಯಾಮೆರಾ ಆಯಿತು, ಮೂರೂ 4ಕೆ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಒಂದೊಂದು ಕ್ಯಾಮೆರಾ ಗಂಟೆಗೆ 45 ಜಿಬಿ ತುಂಬುತ್ತದೆ. ಐದು ಗಂಟೆಯ ಕಾಲಮಿತಿ ಆಟವಾದರೂ ಮೂರಕ್ಕೂ ಸೇರಿ 675 ಜಿಬಿ. 16 ಜಿಬಿ ರ‍್ಯಾಮ್ ಉಸಿರುಗಟ್ಟಿದ್ದು ಆಗ. ದೀಪಾವಳಿಯ ಹೊತ್ತಿಗೆ 8 ಜಿಬಿಯ ಇನ್ನೆರಡು ಸ್ಟಿಕ್ ತಂದು ಖಾಲಿ ಇದ್ದ ಎರಡು ಸ್ಲಾಟ್‌ಗಳಿಗೆ ಹಾಕಿದರು. ಬೆಲೆ ಆಗಲೇ ಏರತೊಡಗಿತ್ತು. ಹಳೆಯದರ ಜೋಡಿ ಸಿಗಲಿಲ್ಲ, ಸಿಕ್ಕಿದ್ದು ಬೇರೆ ಕಂಪನಿಯದು, ಸ್ವಲ್ಪ ಅಗ್ಗ. ಪೆಟ್ಟಿಗೆಯ ಮೇಲೆ 3200 ಎಂದೇ ಇತ್ತು.

ಎರಡೂ ಜೋಡಿಗಳನ್ನು ಕಳಚಿ ಮೇಜಿನ ಮೇಲಿಟ್ಟು ಲೇಬಲ್ಲುಗಳನ್ನು ಓದಿದಾಗ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಹಳೆಯದರ ಮೇಲೆ: 3200, ಸಿಎಲ್16, 1.35 ವೋಲ್ಟ್. ಹೊಸದರ ಮೇಲೆ: 3200, ಸಿಎಲ್22, 1.2 ವೋಲ್ಟ್.

ಈ ಸಿಎಲ್ ಎಂಬುದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ‘ಇದು ಬೇಕು’ ಎಂದು ಪ್ರೊಸೆಸರ್ ಕಡೆಯಿಂದ ಕೇಳಿದ ಮೇಲೆ ರ‍್ಯಾಮ್ ಕೊಡುವುದಕ್ಕೆ ಹಿಡಿಯುವ ತಾಳಗಳ ಲೆಕ್ಕ ಅದು. ತಾಳದ ವೇಗ ಬೇರೆಬೇರೆ ಇರುವುದರಿಂದ ಬರಿಯ ಸಂಖ್ಯೆ ನೋಡಿ ಹೋಲಿಸಬಾರದು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡಿನಲ್ಲಿ ಕಾಯುವ ಹೊತ್ತು ಸಿಗುತ್ತದೆ. 3200ಕ್ಕೆ ಸಿಎಲ್16 ಎಂದರೆ 10. ಅದೇ 3200ಕ್ಕೆ ಸಿಎಲ್22 ಎಂದರೆ 13.75. ಮುಂದಿನ ಪೀಳಿಗೆಯ ಡಿಡಿಆರ್5ರಲ್ಲಿ 6000ಕ್ಕೆ ಸಿಎಲ್30 ಇದ್ದರೂ ಮತ್ತೆ ಅದೇ 10. ದೊಡ್ಡ ಸಂಖ್ಯೆ ನೋಡಿ ಬೆರಗಾಗುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಉಳಿದ ಅರ್ಧ ಉತ್ತರ ತಮ್ಮನ ಬಾಯಿಂದ ಬಂತು. ಸ್ವಲ್ಪ ತಡವಾಗಿ, ಸ್ವಲ್ಪ ಸಣ್ಣ ದನಿಯಲ್ಲಿ.

ನಾಲ್ಕು ಸ್ಟಿಕ್ ಆದ ಮೇಲೆ ಅವನು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದ್ದ. ವೇಗ 2133 ಎಂದಿತ್ತು. ಡಿಡಿಆರ್4 ಬಹಳಷ್ಟು ಸಲ ತಾನಾಗಿ ಹಿಡಿಯುವುದು ಅಷ್ಟನ್ನೇ. ಲೇಬಲ್ಲಿನ ಮೇಲಿನ ವೇಗ ಬೇಕಾದರೆ ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ, ತಯಾರಕರು ಸ್ಟಿಕ್ಕಿನಲ್ಲೇ ಬರೆದಿಟ್ಟ ಪ್ರೊಫೈಲನ್ನು ಆನ್ ಮಾಡಬೇಕು. ಎಷ್ಟೋ ಮನೆಗಳಲ್ಲಿ ದುಡ್ಡು ಕೊಟ್ಟು ತಂದ 3200ರ ರ‍್ಯಾಮ್ ವರ್ಷಗಟ್ಟಲೆ 2133ರಲ್ಲೇ ತೆವಳುತ್ತಿರುತ್ತದೆ. ಆದ್ದರಿಂದ ತಮ್ಮ ಮಾಡಿದ್ದು ತಪ್ಪು ಕೆಲಸವೇನೂ ಅಲ್ಲ. ಎರಡೇ ಸ್ಟಿಕ್ ಇದ್ದಿದ್ದರೆ ಅವನ ಬೆನ್ನು ತಟ್ಟುತ್ತಿದ್ದೆ. ಆದರೆ ಇಲ್ಲಿ ಬೋರ್ಡು ಹಳೆಯ ಜೋಡಿಯ ಪ್ರೊಫೈಲನ್ನು ಓದಿ ನಾಲ್ಕಕ್ಕೂ ಅದನ್ನೇ ಹೇರಿತು. 22 ತಾಳದಲ್ಲಿ ಕುಣಿಯಲು ಕಲಿತ ಹೊಸ ಸ್ಟಿಕ್ಕುಗಳು 16 ತಾಳಕ್ಕೆ ಹೆಜ್ಜೆ ಹಾಕಬೇಕಾಯಿತು. ಅವು ಹಾಕಿದವು ಕೂಡ. ಸೋಜಿಗವೂ ಅಪಾಯವೂ ಇರುವುದು ಅಲ್ಲಿಯೇ. ಯಂತ್ರ ಆನ್ ಆಗದೇ ಇದ್ದಿದ್ದರೆ ಅದೇ ದಿನ ಗೊತ್ತಾಗುತ್ತಿತ್ತು. ಅದು ಆನ್ ಆಯಿತು, ವಿಂಡೋಸ್ ಬಂತು, ಆಟ ನಡೆಯಿತು. ಕೋಟಿಗೊಮ್ಮೆ ಎಲ್ಲೋ ಒಂದು ಬಿಟ್ ತಪ್ಪುತ್ತಿತ್ತು.

“ಯಾವಾಗ ಆನ್ ಮಾಡಿದ್ದು?” ಎಂದೆ.

“ನವೆಂಬರ್ ಕೊನೆಗೆ.”

ಅಣ್ಣ ಅವನ ಮುಖ ನೋಡಿದ. ನವೆಂಬರ್ ಕೊನೆಯಿಂದ ಈಚೆಗೆ ಹನ್ನೊಂದು ಆಟಗಳ ಚಿತ್ರೀಕರಣ ಈ ಯಂತ್ರದ ಮೂಲಕ ಹಾದುಹೋಗಿತ್ತು.

ಊಹೆ ಎಷ್ಟು ಸೊಗಸಾಗಿದ್ದರೂ ಪರೀಕ್ಷೆ ಮಾಡದೆ ನಂಬುವುದಿಲ್ಲ. ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷಕವನ್ನು ಪೆನ್‌ಡ್ರೈವಿಗೆ ಹಾಕಿ, ವಿಂಡೋಸಿಗೆ ಹೋಗದೆ ನೇರವಾಗಿ ಅದರಿಂದಲೇ ಯಂತ್ರವನ್ನು ಏಳಿಸಿ, ಯುಪಿಎಸ್‌ಗೆ ಜೋಡಿಸಿ ರಾತ್ರಿಯಿಡೀ ಬಿಟ್ಟೆ. ನಮ್ಮಲ್ಲಿ ಯುಪಿಎಸ್ ಇಲ್ಲದೆ ರಾತ್ರಿ ಪರೀಕ್ಷೆಗೆ ಹಚ್ಚುವುದು ಎಂದರೆ ಕರೆಂಟ್ ಎಷ್ಟು ಹೊತ್ತಿಗೆ ಹೋಯಿತು ಎಂಬುದನ್ನು ಮಾತ್ರ ಪರೀಕ್ಷಿಸಿದಂತೆ. ಬೆಳಿಗ್ಗೆ ಬಂದು ಪರದೆ ನೋಡಿದರೆ ಕೆಂಪು ಸಾಲುಗಳು. ಒಂದೊಂದು ಸಾಲಿನಲ್ಲಿಯೂ ಬರೆದಿಟ್ಟ ಸಂಖ್ಯೆ ಒಂದು ಕಡೆ, ಓದುವಾಗ ಸಿಕ್ಕ ಸಂಖ್ಯೆ ಇನ್ನೊಂದು ಕಡೆ. ಎಂಟು ಅಂಕಿಗಳಲ್ಲಿ ಏಳು ಒಂದೇ, ಒಂದು ಮಾತ್ರ ಬೇರೆ. ಅಣ್ಣನಿಗೆ ಫೋನಿನಲ್ಲಿ ಅದರ ಚಿತ್ರ ಕಳುಹಿಸಿದೆ. ‘ಇಷ್ಟೇಯೋ?’ ಎಂದು ಉತ್ತರ ಬಂತು. ಇಷ್ಟೇ.

ಮುಂದಿನ ಮೂರು ರಾತ್ರಿಗಳಲ್ಲಿ ಉಳಿದ ಜೋಡಣೆಗಳನ್ನು ನೋಡಿದೆ. ಹಳೆಯ ಜೋಡಿ ಮಾತ್ರ, ಎಕ್ಸ್‌ಎಂಪಿ ಆನ್: ಒಂದು ತಪ್ಪೂ ಇಲ್ಲ. ಹೊಸ ಜೋಡಿ ಮಾತ್ರ, ಅದರದ್ದೇ ಸಿಎಲ್22ರಲ್ಲಿ: ತಪ್ಪಿಲ್ಲ. ನಾಲ್ಕೂ ಸೇರಿ, ಎಕ್ಸ್‌ಎಂಪಿ ಆಫ್: ತಪ್ಪಿಲ್ಲ. ಎಂದರೆ ಯಾವ ಸ್ಟಿಕ್ಕೂ ಕೆಟ್ಟಿರಲಿಲ್ಲ, ಅಂಗಡಿಯವರು ಕೊಟ್ಟದ್ದೂ ಕಳಪೆಯಲ್ಲ. ಹೊಸ ಜೋಡಿಯನ್ನು ಹಿಂದಿರುಗಿಸಿ ಜಗಳವಾಡಲು ಅಣ್ಣ ಸಿದ್ಧನಾಗಿದ್ದ. ಆ ಅವಕಾಶ ತಪ್ಪಿತು.

ರ‍್ಯಾಮ್ ತಪ್ಪಿದರೆ ವಿಡಿಯೊ ಹೇಗೆ ಕೆಡುತ್ತದೆ ಎಂದು ಅಣ್ಣ ಕೇಳಿದ. ಅವನ ಲೆಕ್ಕದಲ್ಲಿ ಕಾರ್ಡಿನಿಂದ ಡಿಸ್ಕಿಗೆ ಕಾಪಿ ಮಾಡುವುದು ಎಂದರೆ ಕೊಡಪಾನದಿಂದ ಹಂಡೆಗೆ ನೀರು ಹೊಯ್ದಂತೆ, ನಡುವೆ ಬೇರೆ ಪಾತ್ರೆ ಇಲ್ಲ. ವಾಸ್ತವದಲ್ಲಿ ಪ್ರತಿ ಹನಿಯೂ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ ತಿರುವುಮುರುವಾದರೆ ಡಿಸ್ಕಿಗೆ ಬರೆಯುವುದು ಅದನ್ನೇ. ಸಾಮಾನ್ಯ ಡಿಡಿಆರ್4ರಲ್ಲಿ ತಪ್ಪು ಹಿಡಿಯುವ ಇಸಿಸಿ ವ್ಯವಸ್ಥೆ ಇರುವುದಿಲ್ಲ. ಡಿಡಿಆರ್5ರ ಚಿಪ್ಪಿನೊಳಗೆ ಅಂಥದ್ದೊಂದು ಇದೆಯಾದರೂ ಅದು ಚಿಪ್ಪಿನ ಒಳಗಿನ ತಪ್ಪಿಗಷ್ಟೇ. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯನ್ನು ಅದು ಕಾಯುವುದಿಲ್ಲ. ಇನ್ನು ಎಚ್.265ರಂಥ ಸಂಕುಚಿಸಿದ ವಿಡಿಯೊದಲ್ಲಿ ಪ್ರತಿ ಚೌಕಟ್ಟೂ ಪೂರ್ತಿ ಚಿತ್ರವಲ್ಲ. ಒಂದು ಪೂರ್ತಿ ಚಿತ್ರ ಇಟ್ಟು, ಅನಂತರ ಬರುವವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆದಿರುತ್ತದೆ. ನಡುವಿನ ಒಂದು ತಪ್ಪು ಮುಂದಿನ ಪೂರ್ತಿ ಚಿತ್ರ ಬರುವವರೆಗೂ ಹರಡುತ್ತಾ ಹೋಗುತ್ತದೆ. ಅದೇ ಆ ಅರ್ಧ ಸೆಕೆಂಡಿನ ಪಾಚಿ.

ಈಗ ಆಯ್ಕೆಯ ಪ್ರಶ್ನೆ. ಅದಕ್ಕೂ ಮೊದಲು ಎಷ್ಟು ಬೇಕು ಎಂಬ ಲೆಕ್ಕ.

ನಾಲ್ಕೂ ಸ್ಟಿಕ್ಕುಗಳನ್ನು 2133ರಲ್ಲೇ ಇಟ್ಟು, ಅಣ್ಣನನ್ನು ಕೂರಿಸಿ ಅವನ ಎಂದಿನ ಕೆಲಸ ಮಾಡಲು ಹೇಳಿದೆ. ಸಂಕಲನದ ಸಾಫ್ಟ್‌ವೇರಾದ ಡಾವಿಂಚಿ ರಿಸಾಲ್ವ್‌ನಲ್ಲಿ ಮೂರು ಕ್ಯಾಮೆರಾಗಳ ಟೈಮ್‌ಲೈನ್, ಜೊತೆಗೆ ಬ್ರೌಸರ್, ಜೊತೆಗೆ ಅವನು ಎಂದೂ ಮುಚ್ಚದ ವಾಟ್ಸ್‌ಆ್ಯಪ್. ಟಾಸ್ಕ್ ಮ್ಯಾನೇಜರಿನಲ್ಲಿ ಬಳಕೆ 24 ಜಿಬಿ ಆಸುಪಾಸಿನಲ್ಲಿ ನಿಂತಿತು. ತಮ್ಮನ ಅತ್ಯಂತ ಭಾರದ ಆಟ ವಿಂಡೋಸನ್ನೂ ಸೇರಿಸಿ 14 ಜಿಬಿ ದಾಟಲಿಲ್ಲ. ಅಲ್ಲಿಗೆ 64ರ ಮಾತು ಬಿದ್ದುಹೋಯಿತು. 16 ಸಂಕಲನಕ್ಕೆ ಸಾಲದು, 32 ಇಬ್ಬರಿಗೂ ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಖಾಲಿ ಕುರ್ಚಿಗಳಿಗೆ ಬಾಡಿಗೆ ಕೊಟ್ಟಂತೆ.

ಅದೇ ಹೊತ್ತಿನಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 8 ಜಿಬಿ ಖಾಲಿ ಇದ್ದರೂ ಮುಖ್ಯ ಕ್ಯಾಮೆರಾದ ತುಣುಕು ಬಂದಾಗಲೆಲ್ಲ ಚಿತ್ರ ತಡವರಿಸುತ್ತಿತ್ತು. ಪ್ರೊಸೆಸರಿನ ಆರೂ ಕೋರ್‌ಗಳು ನೆತ್ತಿಯವರೆಗೆ ತುಂಬಿದ್ದವು, ಗ್ರಾಫಿಕ್ಸ್ ಕಾರ್ಡಿನ ವಿಡಿಯೊ ಡಿಕೋಡ್ ಎಂಬ ಗೆರೆ ಸೊನ್ನೆಯಲ್ಲಿ ಮಲಗಿತ್ತು. ಆ ಕ್ಯಾಮೆರಾ ಬಣ್ಣ ಚೆನ್ನಾಗಿ ಬರಲೆಂದು 4:2:2 10-ಬಿಟ್ ಎಚ್.265ರಲ್ಲಿ ಚಿತ್ರೀಕರಿಸುತ್ತದೆ. ಎನ್‌ವಿಡಿಯಾದ ಕಾರ್ಡುಗಳಲ್ಲಿ ಅದನ್ನು ಬಿಡಿಸುವ ಶಕ್ತಿ ಬಂದದ್ದು 50ನೇ ಸರಣಿಯಿಂದ. 3060ಕ್ಕೆ ಅದು ಇಲ್ಲ, ಪ್ರೊಸೆಸರೇ ಎಲ್ಲವನ್ನೂ ಹೊರಬೇಕು. ಇದಕ್ಕೆ ಎಷ್ಟು ರ‍್ಯಾಮ್ ಸುರಿದರೂ ಪ್ರಯೋಜನವಿಲ್ಲ. ದೀಪಾವಳಿಯಲ್ಲಿ ‘ರ‍್ಯಾಮ್ ಹಾಕಿದರೂ ಅಷ್ಟೇನೂ ಬದಲಾಗಲಿಲ್ಲ’ ಎಂದು ಅಣ್ಣ ಗೊಣಗಿದ್ದು ಇದೇ ಕಾರಣಕ್ಕೆ. ಮದ್ದು ಪ್ರಾಕ್ಸಿ: ಮೂಲದ ಸಣ್ಣ ಪ್ರತಿಗಳನ್ನು ಮಾಡಿಕೊಂಡು ಅವುಗಳ ಮೇಲೆ ಸಂಕಲಿಸಿ, ಕೊನೆಗೆ ಮೂಲದಿಂದ ಹೊರತೆಗೆಯುವುದು. ರಿಸಾಲ್ವ್ ಅದನ್ನು ತಾನೇ ಮಾಡುತ್ತದೆ, ರಾತ್ರಿಯಿಡೀ ಹೊತ್ತು ಬೇಕು ಅಷ್ಟೇ. ರಾತ್ರಿ ಎಂದಾಗ ತಮ್ಮನ ಮುಖ ಸಣ್ಣದಾಯಿತು.

ರ‍್ಯಾಮ್ ವಿಷಯಕ್ಕೆ ಬಂದರೆ ದಾರಿಗಳು ಮೂರಿದ್ದವು. ಡಿಡಿಆರ್5ಕ್ಕೆ ಹೋಗುವುದನ್ನು ತಮ್ಮ ಎತ್ತಿದ. ಈ ಬೋರ್ಡಿಗೆ ಅದು ಕೂರುವುದಿಲ್ಲ. ಎರಡಕ್ಕೂ 288 ಪಿನ್ನುಗಳೇ ಇದ್ದರೂ ಕಚ್ಚು ಬೇರೆ ಕಡೆ ಇದೆ. ಬೋರ್ಡು, ಪ್ರೊಸೆಸರ್ ಎಲ್ಲವೂ ಬದಲಾಗಬೇಕು. ಆ ಮಾತು ಎರಡು ನಿಮಿಷದಲ್ಲಿ ಮುಗಿಯಿತು.

ಎರಡನೆಯದು ನನಗೆ ಮನಸ್ಸಿದ್ದ ದಾರಿ: ನಾಲ್ಕನ್ನೂ ತೆಗೆದು, ಒಂದೇ ಪೆಟ್ಟಿಗೆಯಲ್ಲಿ ಜೊತೆಯಾಗಿ ಬರುವ 16 ಜಿಬಿಯ ಎರಡು ಸ್ಟಿಕ್ ಹಾಕುವುದು. ಎರಡೇ ಇದ್ದರೆ ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿಗೆ ಹೊರೆ ಕಡಿಮೆ. ಎಎಂಡಿ ಈ ಪ್ರೊಸೆಸರಿಗೆ 3200 ಎಂದು ಹೇಳಿರುವುದು ಎರಡು ಸ್ಟಿಕ್ಕುಗಳಿಗೆ. ಒಂದೇ ರ‍್ಯಾಂಕಿನ (ಎಂದರೆ ಚಿಪ್ಪುಗಳ ಒಂದೇ ಗುಂಪಿರುವ) ನಾಲ್ಕು ಸ್ಟಿಕ್ ಆದರೆ 2933, ಎರಡು ರ‍್ಯಾಂಕಿನ ನಾಲ್ಕಾದರೆ 2667. ನಾಲ್ಕು ಸ್ಲಾಟ್ ಇದೆ ಎಂದು ನಾಲ್ಕನ್ನೂ ತುಂಬಿಸಲೇಬೇಕೆಂದಿಲ್ಲ. ಎರಡೇ ಹಾಕುವಾಗ ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಪಕ್ಕಪಕ್ಕದಲ್ಲಿ ಹಾಕಿ ಒಂದೇ ಚಾನೆಲ್ಲಿನಲ್ಲಿ ಓಡಿಸಿದವರನ್ನೂ ನೋಡಿದ್ದೇನೆ, ಅರ್ಧ ದಾರಿ ಮುಚ್ಚಿಕೊಂಡು ಗಾಡಿ ನಿಧಾನ ಎಂದು ದೂರುತ್ತಾರೆ.

ಆದರೆ ಬೆಲೆ! ಕಾಸರಗೋಡಿನಲ್ಲಿ ಕೇಳಿದೆ, ಮಂಗಳೂರಿಗೆ ಫೋನ್ ಮಾಡಿದೆ. ವರ್ಷದ ಹಿಂದೆ ಇದ್ದುದರ ದುಪ್ಪಟ್ಟನ್ನೂ ಮೀರಿತ್ತು. “ಇನ್ನತ್ತೆ ವಿಲ, ನಾಳತ್ತೇದಲ್ಲ,” ಎಂದರು ಕಾಸರಗೋಡಿನವರು ಮಲಯಾಳದಲ್ಲಿ. ಇವತ್ತಿನ ಬೆಲೆ ಹೇಳಿದ್ದು, ನಾಳೆಯದಲ್ಲ. ಅಡಿಕೆ ಮಂಡಿಯ ಮಾತು ರ‍್ಯಾಮ್ ಅಂಗಡಿಗೂ ಬಂತು ಎಂದುಕೊಂಡೆ. ಕಾರಣ ಅವರ ಕೈಯಲ್ಲಿಲ್ಲ. ಜಗತ್ತಿನ ಮೆಮೊರಿ ಚಿಪ್ಪುಗಳಲ್ಲಿ ಬಹುಪಾಲನ್ನು ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಕೇಳುವ ಮೆಮೊರಿಗೆ ಲಾಭ ಹೆಚ್ಚು, ಕಾರ್ಖಾನೆಗಳು ಆ ಕಡೆ ತಿರುಗಿದವು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆಯು ಕ್ರೂಷಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಘೋಷಿಸಿತು. ಇನ್ನು ಡಿಡಿಆರ್4 ಎಂಬುದು ಹೇಗೂ ಹೋಗಲಿರುವ ನೆಂಟ. ಹೋಗುವಾಗ ತುಟ್ಟಿಯಾಗಿ ಹೋಗುತ್ತಿದೆ.

ಹಾಗಾಗಿ ಮೂರನೆಯ ದಾರಿ, ಖರ್ಚೇ ಇಲ್ಲದ್ದು: ಇರುವ ನಾಲ್ಕನ್ನೇ ಉಳಿಸಿಕೊಂಡು, ನಾಲ್ಕೂ ಒಪ್ಪುವ ವೇಗವನ್ನು ಕೈಯಾರೆ ಹೊಂದಿಸುವುದು. ಈ ನಾಲ್ಕೂ ಒಂದೇ ರ‍್ಯಾಂಕಿನವು. ಎಕ್ಸ್‌ಎಂಪಿ ಆಫ್, ವೇಗ 2933, ವೋಲ್ಟೇಜ್ 1.2. ಸಿಎಲ್ 21 ಎಂದು ಬರೆದೆ. ಉಳಿಸಿ ಮತ್ತೆ ನೋಡಿದರೆ 22 ಎಂದಿತ್ತು. ನನ್ನ ಕೈತಪ್ಪು ಎಂದು ಇನ್ನೊಮ್ಮೆ ಬರೆದೆ, ಮತ್ತೆ 22. ಆಮೇಲೆ ನೆನಪಾಯಿತು: ಗೇರ್ ಡೌನ್ ಮೋಡ್ ಎಂಬುದು ಆನ್ ಇದ್ದರೆ ಈ ಬೋರ್ಡುಗಳು ಬೆಸ ಸಂಖ್ಯೆಯನ್ನು ಒಪ್ಪುವುದಿಲ್ಲ, ಮೇಲಿನ ಸಮಸಂಖ್ಯೆಗೆ ಏರಿಸಿಬಿಡುತ್ತವೆ. ಅದನ್ನು ಆಫ್ ಮಾಡಬಹುದಿತ್ತು, ಮಾಡಲಿಲ್ಲ. ನನಗೆ ಬೇಕಾಗಿದ್ದದ್ದು ನೆಮ್ಮದಿ.

ಕಳೆದುಕೊಂಡದ್ದೆಷ್ಟು? ಎರಡು ಚಾನೆಲ್ಲಿನಲ್ಲಿ 3200ಕ್ಕೆ ಸೆಕೆಂಡಿಗೆ 51.2 ಜಿಬಿ ಹರಿಯುವ ಲೆಕ್ಕ. 2933ಕ್ಕೆ ಸುಮಾರು 46.9. 2133ರಲ್ಲಿದ್ದರೆ 34.1. ಕಾಯುವ ಹೊತ್ತು 10ರಿಂದ 15 ನ್ಯಾನೊಸೆಕೆಂಡಿಗೆ ಏರಿತು. ಸಂಕಲನಕ್ಕೆ ಇದು ಗೊತ್ತೇ ಆಗುವುದಿಲ್ಲ, ಅಲ್ಲಿ ಜಾಗ ಮುಖ್ಯ. ಆಟಕ್ಕೆ ಗೊತ್ತಾಗುತ್ತದೆ, ಪ್ರೊಸೆಸರ್ ಅಲ್ಲಿ ಸಣ್ಣಸಣ್ಣ ತುಣುಕುಗಳಿಗಾಗಿ ಪದೇಪದೇ ರ‍್ಯಾಮಿನ ಬಾಗಿಲು ತಟ್ಟುತ್ತಿರುತ್ತದೆ. ತಮ್ಮ ತನ್ನ ಆಟವನ್ನು ಓಡಿಸಿ, ಮೂಲೆಯಲ್ಲಿ ಫ್ರೇಮುಗಳನ್ನು ಎಣಿಸುವ ಸಂಖ್ಯೆಯನ್ನೇ ದಿಟ್ಟಿಸುತ್ತಾ, “ಏಳು ಕಡಿಮೆಯಾಯಿತು ಮಾಷ್ಟ್ರೇ,” ಎಂದ. ನಿನ್ನ ಮಾನಿಟರ್ ಎಷ್ಟರದ್ದು ಎಂದೆ. 60 ಹರ್ಟ್ಸ್, ಎಂದರೆ ಸೆಕೆಂಡಿಗೆ ಅರವತ್ತೇ ಫ್ರೇಮು. ಮೂಲೆಯ ಸಂಖ್ಯೆ ಎಂಬತ್ತರ ಮೇಲಿತ್ತು. ಮಾನಿಟರ್ ತೋರಿಸಲಾರದ ಫ್ರೇಮುಗಳಿಗಾಗಿ ಅಣ್ಣನ ದುಡಿಮೆಯನ್ನು ಪಣಕ್ಕಿಡುವುದು ಬೇಡ ಎಂದೆ. ಅವನು ಒಪ್ಪಿದಂತೆ ಕಾಣಲಿಲ್ಲ.

ಹೊಸ ಹೊಂದಿಕೆಯಲ್ಲಿ ಮತ್ತೊಂದು ರಾತ್ರಿ ಪರೀಕ್ಷೆ. ನಾಲ್ಕು ಸುತ್ತು, ಒಂದೂ ಕೆಂಪು ಸಾಲಿಲ್ಲ.

ಉಳಿದದ್ದು ಆ ಹನ್ನೊಂದು ಆಟಗಳು. ಯಂತ್ರ ಗುಣವಾದರೂ ಅದು ಆಗಲೇ ಕೆಡಿಸಿಟ್ಟ ಕಡತಗಳು ಗುಣವಾಗುವುದಿಲ್ಲ. ಎಫ್‌ಎಫ್‌ಎಂಪೆಗ್‌ ಎಂಬ ಸಾಫ್ಟ್‌ವೇರಿನಿಂದ ಪ್ರತಿ ಕಡತವನ್ನೂ ಮೊದಲಿನಿಂದ ಕೊನೆಯವರೆಗೆ ಬಿಡಿಸಿ, ತಪ್ಪು ಸಿಕ್ಕಿದಲ್ಲಿ ಮಾತ್ರ ಬರೆದಿಡುವಂತೆ ಹಚ್ಚಿದೆವು. ಎರಡು ದಿನ ಹಿಡಿಯಿತು. ಬಣ್ಣದ ವೇಷದ ತುಣುಕನ್ನು ಸೇರಿಸಿ ನಾಲ್ಕು ಕಡತಗಳು ಸಿಕ್ಕಿದವು. ಬೇರೆ ರೆಕಾರ್ಡರಿನಲ್ಲಿ ಹಿಡಿದ ಹಿಮ್ಮೇಳದ ಧ್ವನಿಗೆ ಈ ಉಪಾಯ ನಡೆಯುವುದಿಲ್ಲ. ಸಂಕುಚಿಸದ ಧ್ವನಿಯಲ್ಲಿ ಒಂದು ಬಿಟ್ ತಪ್ಪಿದರೆ ‘ಟಕ್’ ಎಂಬ ಸಣ್ಣ ಸದ್ದು ಮಾತ್ರ, ಯಾವ ಸಾಫ್ಟ್‌ವೇರೂ ಅದನ್ನು ತಪ್ಪು ಎನ್ನುವುದಿಲ್ಲ. ಚೆಂಡೆಯ ನಡುವೆ ಅಂಥ ಟಕ್ ಬಿದ್ದಿದ್ದರೆ ಅದನ್ನು ಹುಡುಕಬಲ್ಲವರು ಆ ಚೆಂಡೆ ಬಾರಿಸಿದವರು ಮಾತ್ರ. ಅವರನ್ನು ನಾವು ಕೇಳಲಿಲ್ಲ.

ಹರಕೆಯವರ ಪ್ರವೇಶವನ್ನು ಬದಿಯ ಕ್ಯಾಮೆರಾ ಉಳಿಸಿತು. ಮುಖ ಅರ್ಧವೇ ಕಾಣುತ್ತದೆ, ಆದರೆ ಬೆಂಕಿ ಪೂರ್ತಿ ಇದೆ. ಬೆಂಕಿ ಎದ್ದ ಕ್ಷಣಕ್ಕೆ ಅಣ್ಣ ಆ ಕಡೆಗೆ ಕತ್ತರಿಸಿಕೊಂಡ. ಅವರು ಮೆಚ್ಚಿಕೊಂಡರಂತೆ.

ಕಾಪಿ ಮಾಡುವ ಕ್ರಮವನ್ನೂ ಬದಲಾಯಿಸಿದೆವು. ಕಾರ್ಡಿನ ಕಡತಕ್ಕೂ ಡಿಸ್ಕಿನ ಪ್ರತಿಗೂ ಹ್ಯಾಶ್ ಎಂಬ, ಬೆರಳಚ್ಚಿನಂಥ ಸಂಖ್ಯೆ ತೆಗೆದು, ಎರಡೂ ಒಂದೇ ಬಂದರೆ ಮಾತ್ರ ಕಾರ್ಡನ್ನು ಅಳಿಸುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಕಾಪಿ ಮುಗಿದ ಕೂಡಲೇ ಹ್ಯಾಶ್ ತೆಗೆದರೆ ವಿಂಡೋಸ್ ಡಿಸ್ಕನ್ನು ಓದದೆ, ರ‍್ಯಾಮಿನಲ್ಲಿ ಉಳಿದಿರುವ ಪ್ರತಿಯನ್ನೇ ಓದಿ ‘ಸರಿಯಿದೆ’ ಎನ್ನಬಹುದು. ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ಅನಂತರ ತೆಗೆಯಬೇಕು. ರಾತ್ರಿ ಎರಡು ಗಂಟೆಗೆ ಮನೆಗೆ ಬಂದವನಿಗೆ ಇದು ಬೇಸರದ ಕೆಲಸ. ಅಣ್ಣ ಇನ್ನೊಂದು ಜೊತೆ ಕಾರ್ಡ್ ಕೊಂಡ. 64 ಜಿಬಿ ರ‍್ಯಾಮಿಗೆ ಆಗುತ್ತಿದ್ದ ಖರ್ಚಿನಲ್ಲಿ ಅದು ಸಣ್ಣ ಪಾಲು.

ಮಳೆಗಾಲಕ್ಕೆ ಮುಂಚೆ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಣ್ಣನಿಗೂ ಬಿಡುವಾಗುತ್ತದೆ. ಆಗ ಬೆಲೆ ಇಳಿದಿದ್ದರೆ 16 ಜಿಬಿಯ ಜೋಡಿಯ ಮಾತು ಮತ್ತೆ ಎತ್ತೋಣ ಎಂದು ಹೇಳಿ ಕಳುಹಿಸಿದೆ. ಕ್ಯಾಬಿನೆಟ್ಟಿನ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೆ: ‘2933, 22, 1.2 ವೋಲ್ಟ್. ಎಕ್ಸ್‌ಎಂಪಿ ಆನ್ ಮಾಡಬಾರದು.’ ಫೆಬ್ರವರಿಯಲ್ಲಿ ಫ್ಯಾನಿನ ಧೂಳು ತೆಗೆಯಲು ಮತ್ತೆ ತಂದಾಗ ಬಾಗಿಲು ತೆರೆದು ನೋಡಿದೆ. ಚೀಟಿ ಹಾಗೆಯೇ ಇತ್ತು. ಕೆಳಗೆ ಪೆನ್ಸಿಲಿನಲ್ಲಿ, ತಮ್ಮನ ಅಕ್ಷರದಲ್ಲಿ, ‘ಪತ್ತನಾಜೆಯವರೆಗೆ’ ಎಂದು ಸೇರಿಸಿತ್ತು.